ಪಿಗ್ಮಿ ಕಟ್ಟಿದ ಹಾಗೆ ವಾಕಿಂಗ್: ನನ್ನ ಅನುಭವ

ಸುಮಾರು 9 ಕಿಲೋ ಇಳಿದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ದುಡ್ಡು ಕಟ್ಟಿ ವಾಕಿಂಗ್ ಹೋಗುವುದುಂಟಾ ಮಾರಾಯ್ರೆ?" ಎಂದು ನಕ್ಕವರೂ ಇದನ್ನು ಓದುತ್ತಾರೆ, ಗೊತ್ತು. 86 ಚಿಲ್ಲರೆ ಇದ್ದದ್ದು ಈಗ 77ರ ಆಸುಪಾಸು. ಒಂದೂವರೆ ವರ್ಷ ಹಿಡಿಯಿತು. ತೂಗಿದ್ದು ಮನೆಯ ಪುಟ್ಟ ಮಷಿನಿನಲ್ಲಲ್ಲ, ನನ್ನ ಜಿನಸಿನ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ಮಷಿನಿನಲ್ಲಿ. ವರ್ಷ ವರ್ಷ ಸರಕಾರದ ಮುದ್ರೆ ಬೀಳುವ ಮಷಿನು ಅದು, ಸುಳ್ಳು ಹೇಳುವುದಿಲ್ಲ.

ಅದಕ್ಕೆ ಮೊದಲು ಹೋದ ದುಡ್ಡಿನ ಲೆಕ್ಕ ಕೇಳಿ. ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಕಡಿಮೆ ಎಂದು 11-12 ಸಾವಿರ. ಹೋದದ್ದು ಹೆಚ್ಚೆಂದರೆ ಒಂದೂವರೆ ತಿಂಗಳು. ಡಂಬೆಲ್ಸ್ 2,000ದ ಹತ್ತಿರ. ನಮ್ಮ ಕರಾವಳಿಯ ಉಪ್ಪು ಗಾಳಿ ಮತ್ತು ಒಂದು ಮಳೆಗಾಲ ಸಾಕಾಯಿತು, ಹಿಡಿದರೆ ಅಂಗೈಯೆಲ್ಲ ಕೆಂಪು ತುಕ್ಕು. ಕೈಗೆ ಕಟ್ಟುವ ವಾಚು ಇನ್ನೊಂದು 3,000. ದಿನಕ್ಕೆ 10,000 ಹೆಜ್ಜೆ ಎನ್ನುತ್ತದೆ ಅದು. ಆ ಸಂಖ್ಯೆ ಹುಟ್ಟಿದ್ದೇ 1965ರಲ್ಲಿ ಜಪಾನಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟಾಗ. ಇರಲಿ. ನಮ್ಮ ವಾಕಿಂಗ್ ಗುಂಪಿನ ಮಾಸ್ಟ್ರು ಆ ವಾಚು ಕಟ್ಟಿಕೊಂಡು ಎರಡು ತೆಂಗಿನಕಾಯಿ ತುರಿದರು. ಕೂತಲ್ಲೇ ನಾನೂರು ಐನೂರು ಹೆಜ್ಜೆ! ಅಂದಿನಿಂದ ವಾಚಿನ ಲೆಕ್ಕ ಬಂದ್.

ಉಡುಪಿಯವರಿಗೆ ಪಿಗ್ಮಿ ಏನೆಂದು ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ಏಜೆಂಟರು ದಿನಾ ಬಾಗಿಲಿಗೆ ಬಂದು ಪಡೆದುಕೊಂಡು ಹೋಗುವ ಸಣ್ಣ ಉಳಿತಾಯ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಇಲ್ಲೇ ಶುರು ಮಾಡಿದ್ದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಾನೂ ಪಿಗ್ಮಿ ಕಟ್ಟುತ್ತಾ ಬಂದವನು. ಏಜೆಂಟರು ಅಂಗಡಿ ಮೆಟ್ಟಿಲು ಹತ್ತಿದರೆ ಎಷ್ಟೇ ರಷ್ ಇದ್ದರೂ ಕ್ಯಾಶ್ ಡ್ರಾಯರ್ ತೆರೆಯುತ್ತದೆ. ಅವರು ಬಾರದ ದಿನ ನಾನಾಗಿ ನೂರು ರೂಪಾಯಿ ತೆಗೆದಿಟ್ಟದ್ದು ಒಮ್ಮೆಯೂ ಇಲ್ಲ. ಮಗಳ ಮದುವೆಗೆ ಒದಗಿದ ದುಡ್ಡಿನಲ್ಲಿ ದೊಡ್ಡ ಪಾಲು ಆ ಪಿಗ್ಮಿಯದ್ದೇ. ಅಂದರೆ ಉಳಿತಾಯ ಮಾಡಿದ್ದು ನನ್ನ ಮನಸ್ಸಲ್ಲ, ಬಾಗಿಲಿಗೆ ಬಂದ ಮನುಷ್ಯ. ವಾಕಿಂಗಿಗೂ ಒಬ್ಬ ಏಜೆಂಟ್ ಬೇಕು ಎಂದು ನನಗೆ ಹೊಳೆದದ್ದು ಹೀಗೆ.

ಕಡಿಯಾಳಿ, ಕುಂಜಿಬೆಟ್ಟು ಸುತ್ತಮುತ್ತ ಮನೆ ಇರುವ ಐದು ಜನ ಸೇರಿದೆವು. ನಾನು, ರಿಟೈರ್ ಆದ ಮಾಸ್ಟ್ರು, ಮೆಡಿಕಲ್ ಶಾಪಿನ ಶೆಟ್ರು, ರಿಕ್ಷಾ ಇಟ್ಟುಕೊಂಡ ಒಬ್ಬರು, ಮಣಿಪಾಲದಲ್ಲಿ ಪಾಠ ಮಾಡುವ ಒಬ್ಬರು. ಬೆಳಿಗ್ಗೆ ಆರಕ್ಕೆ ಮೊದಲು ಹೊರಟು ಇಂದ್ರಾಳಿ ದಾಟಿ ಮಣಿಪಾಲದ ಏರಿನ ಅರ್ಧ ಹತ್ತಿ ವಾಪಸ್. ಭಾನುವಾರ ಮಣ್ಣಪಳ್ಳ ಕೆರೆಗೆ ಸುತ್ತು.

ಮೊದಲು ತಪ್ಪಿಸಿದವರಿಗೆ 20 ರೂಪಾಯಿ ದಂಡ ಇಟ್ಟೆವು. ಪರಿಣಾಮ ಉಲ್ಟಾ. ಮೊದಲಾದರೆ "ಬರಲಿಕ್ಕೆ ಆಗಲಿಲ್ಲ ಮಾರಾಯ್ರೆ" ಎಂದು ಮುಖ ಸಣ್ಣ ಮಾಡುತ್ತಿದ್ದವರು ಈಗ 20 ರೂಪಾಯಿ ಬಿಸಾಡಿ ಹಾಯಾಗಿ ಮಲಗಿದರು. ಇದು ನಮ್ಮೂರಿನ ಕತೆ ಮಾತ್ರ ಅಲ್ಲವಂತೆ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ತಂದೆತಾಯಿಗೆ ಶಿಶುವಿಹಾರದವರು ದಂಡ ಹಾಕಿದರಂತೆ, ತಡ ಮಾಡುವವರೇ ಜಾಸ್ತಿಯಾದರಂತೆ. 2000ದಲ್ಲಿ ಅದರ ಅಧ್ಯಯನ ಪ್ರಕಟವಾಗಿದೆ ಎಂದು ಪಾಠ ಮಾಡುವವರು ಹೇಳಿದರು. ಇನ್ನೊಂದು ಎಡವಟ್ಟು ಕೇಳಿ. ದಂಡದ ದುಡ್ಡಿನಲ್ಲಿ ತಿಂಗಳ ಕೊನೆಗೆ ಕೋಳಿ ಸಾರಿನ ಕೋರಿ ರೊಟ್ಟಿ, ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್. ಮಾಸ್ಟ್ರಿಗೆ ಬೇರೆ ವೆಜ್. ತಪ್ಪಿಸಿದವರೂ ಎದೆ ಸೆಟೆಸಿ ಕೂತು ತಿಂದರು, ದುಡ್ಡು ಅವರದ್ದೇ ಅಲ್ವಾ! ಆ ತಿಂಗಳು ನನ್ನ ತೂಕ ಮುಕ್ಕಾಲು ಕಿಲೋ ಮೇಲೆಯೇ ಹೋಯಿತು.

ವಾಟ್ಸಾಪಿನಲ್ಲಿ ಫೋಟೋ ಹಾಕುವ ಕ್ರಮವೂ ನಡೆಯಲಿಲ್ಲ. ನಮ್ಮಲ್ಲೊಬ್ಬರು "ಇವತ್ತು ಬೆಳಿಗ್ಗೆ ಮಲ್ಪೆಯಲ್ಲಿ ವಾಕ್" ಎಂದು ಕಳಿಸಿದರು. ಫೋಟೋದಲ್ಲಿ ಸೂರ್ಯ ಸಮುದ್ರದ ನೀರಿಗೆ ತಾಗಿಕೊಂಡಿದ್ದಾನೆ. ಮಲ್ಪೆಯಲ್ಲಿ ಬೆಳಿಗ್ಗೆ ಸಮುದ್ರದ ಕಡೆ ಸೂರ್ಯ ಎಲ್ಲಿಂದ ಬರಬೇಕು?

ಈಗ ನಡೆಯುತ್ತಿರುವ ಕ್ರಮ ಹೇಳುತ್ತೇನೆ. ತಿಂಗಳ ಮೊದಲ ದಿನ ತಲಾ 1,500 ಮುಂಗಡ. ಬಂದ ದಿನ 45 ರೂಪಾಯಿ ವಾಪಸ್, 5 ರೂಪಾಯಿ ಆ ತಿಂಗಳ ಏಜೆಂಟರಿಗೆ. ಏಜೆಂಟ್ ತಿಂಗಳಿಗೊಬ್ಬರು. ಅವರು ಮುಂಗಡ ಕಟ್ಟುವುದು ಬೇಡ, ಆದರೆ ಎಲ್ಲರ ಬಾಗಿಲಿಗೆ ಹೋಗಲೇಬೇಕು. ಹೋಗದಿದ್ದರೆ ಅವರ ಜೇಬಿನಿಂದ 200. ಐದು ತಿಂಗಳಿಗೆ ಒಂದು ಸುತ್ತು, ಕಮಿಷನ್ ಕೊಟ್ಟದ್ದೂ ತೆಗೆದುಕೊಂಡದ್ದೂ ಹೆಚ್ಚುಕಮ್ಮಿ ಸಮ.

ಈ ಕಮಿಷನ್ ಹುಟ್ಟಿದ್ದಕ್ಕೂ ಒಂದು ಕಾರಣ ಉಂಟು. ಶುರುವಿಗೆ ತಪ್ಪಿಸಿದವರ 50 ಏಜೆಂಟರಿಗೇ ಹೋಗುತ್ತಿತ್ತು. ಒಂದು ತಿಂಗಳು ನೋಡಿದರೆ ತಪ್ಪಿಸಿದವರೇ ಜಾಸ್ತಿ. ಏನೆಂದು ವಿಚಾರಿಸಿದರೆ ಏಜೆಂಟ್ ಮಹಾಶಯರು ಗೇಟಿನ ಹತ್ತಿರ ಬಂದು, ನಾಯಿ ಕೂಡ ಬೊಗಳದ ಹಾಗೆ ನಿಂತು, ಚೀಟಿಯಲ್ಲಿ "ಗೈರು" ಎಂದು ಬರೆದು ನಡೆದುಬಿಡುತ್ತಿದ್ದರು! ಹಾಗಾಗಿ ಬಂದವರ ಮೇಲೆ ಕಮಿಷನ್ ಇಟ್ಟೆವು. ಮಾರನೆಯ ದಿನದಿಂದಲೇ ಬೆಲ್ ಒತ್ತುವ ಗತ್ತು ಬದಲಾಯಿತು.

ಇನ್ನು ನಮ್ಮ ಹಾಜರಿ ಚೀಟಿಯ ವಿಷಯ. ಏಜೆಂಟರ ಕೈಯಲ್ಲಿ ಉದ್ದದ ರಟ್ಟಿನ ಕಾರ್ಡು. ಬಂದವರಿಗೆ ಏಜೆಂಟರ ಸಹಿ. ಬಾರದವರು ತಮ್ಮ ಕೈಯಾರೆ "ಇವತ್ತು ಬರುವುದಿಲ್ಲ" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಬೇಕು. ಪೆನ್ನು ಏಜೆಂಟ್ ಕೊಡುವಂತಿಲ್ಲ. ನಾನೇ ಅನುಭವಿಸಿದ್ದೇನೆ. ಬಾಗಿಲು ತೆರೆದು, ಲೈಟ್ ಹಾಕಿ, ಕನ್ನಡಕ ಹುಡುಕಿ, ಕ್ಯಾಲೆಂಡರಿನ ಪಕ್ಕ ನೇತಾಡುವ ಪೆನ್ನು ತಂದರೆ ಅದರಲ್ಲಿ ಇಂಕು ಬರುವುದಿಲ್ಲ. ಅಷ್ಟರಲ್ಲಿ ಮನೆಯವಳೂ ಎದ್ದಿರುತ್ತಾಳೆ. ನಿದ್ರೆ ಹೋಯಿತು, ಇನ್ನು ಮಲಗಿ ಎಂತ ಮಾಡುವುದು ಎಂದು ಚಪ್ಪಲಿ ಬಿಟ್ಟು ಶೂ ಹಾಕುವುದೇ.

ತಪ್ಪಿಸಿದವರ 50 ರೂಪಾಯಿ ಈಗ ಎಲ್ಲಿಗೆ ಹೋಗುತ್ತದೆ? ಅದನ್ನು ಇಲ್ಲಿ ಬರೆಯುವುದಿಲ್ಲ. ಸೇರುವ ದಿನ ಪ್ರತಿಯೊಬ್ಬರೂ ಒಂದು ಹೆಸರು ಬರೆದು ಲಕೋಟೆಗೆ ಹಾಕುತ್ತಾರೆ ಎಂದಷ್ಟೇ ಹೇಳುತ್ತೇನೆ. ನಮ್ಮ ಕ್ರಮದ ಬಿಸಿ ಇರುವುದೇ ಅಲ್ಲಿ.

ರಜೆ ತಿಂಗಳಿಗೆ ಎರಡು. ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿದರೆ ಮಾತ್ರ. ಶೆಟ್ರಿಗೆ ಯಕ್ಷಗಾನ ಆಟದ ಹುಚ್ಚು. ನವೆಂಬರಿನಿಂದ ಮೇವರೆಗೆ ಮೇಳಗಳು ತಿರುಗಾಟದಲ್ಲಿದ್ದರೆ ಅವರ ಎರಡು ರಜೆ ಮೊದಲ ವಾರದಲ್ಲೇ ಖಾಲಿ. ಎರಡು ವರ್ಷಕ್ಕೊಮ್ಮೆ ಬರುವ ಕೃಷ್ಣಮಠದ ಪರ್ಯಾಯಕ್ಕೆ ಮಾತ್ರ ಎಲ್ಲರಿಗೂ ಮಾಫಿ, ಜನವರಿ 18ರ ಮುಂಜಾನೆ ಉಡುಪಿಯಲ್ಲಿ ಯಾರು ಮಲಗಿರುತ್ತಾರೆ ಎಬ್ಬಿಸಲಿಕ್ಕೆ?

ಮಳೆಗಾಲಕ್ಕೆ ಬೇರೆ ದಾರಿ ಬೇಕು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುವ ಊರಿದು, ಕೊಡೆ ಹಿಡಿದು ಇಂದ್ರಾಳಿಗೆ ಹೋಗುವ ಶೂರತನ ವಾರ ಕೂಡ ಬಾಳುವುದಿಲ್ಲ. ಪಾಠ ಮಾಡುವವರ ಫ್ಲ್ಯಾಟಿನ ಮೆಟ್ಟಿಲು ಹತ್ತುತ್ತೇವೆ, ಏಳು ಮಾಳಿಗೆ. ಮೊದಲ ವಾರ ಹತ್ತಿ ಇಳಿದು ಮಾಡಿದಾಗ ಮಾಸ್ಟ್ರ ಮೊಣಕಾಲು ಹಿಡಿದುಕೊಂಡಿತು. ಮೊಣಕಾಲಿಗೆ ಪೆಟ್ಟು ಇಳಿಯುವಾಗಲೇ ಜಾಸ್ತಿ. ಈಗ ಹತ್ತುವುದು ಕಾಲಲ್ಲಿ, ಇಳಿಯುವುದು ಲಿಫ್ಟಿನಲ್ಲಿ. ಐದಾರು ಸಲ ಹತ್ತಿದರೆ ಅಂಗಿ ಹಿಂಡಬಹುದು. ವಾಚ್‌ಮನ್ ಈಗಲೂ ನಮ್ಮನ್ನು ನೋಡಿ ತಲೆ ಆಡಿಸುತ್ತಾನೆ.

ಊಟದಲ್ಲಿ ದೊಡ್ಡ ಬದಲಾವಣೆ ಮಾಡಿಲ್ಲ. ಕುಚ್ಚಲಕ್ಕಿ ಬಿಟ್ಟು ಓಟ್ಸ್ ತಿನ್ನುವ ಪ್ರಯೋಗ ಎರಡು ವಾರ ಮಾಡಿ, ಉಳಿದ ಪ್ಯಾಕೆಟ್ ಅಂಗಡಿಯಲ್ಲೇ ಮಾರಿದೆ. ಒಂದೇ ಕಟ್ಟುಪಾಡು: ವಾಕಿಂಗ್ ಮುಗಿಯುವುದು ಮನೆಯಲ್ಲಿ, ಹೋಟೆಲಿನಲ್ಲಲ್ಲ. ಮುಕ್ಕಾಲು ಗಂಟೆ ಬೀಸು ನಡಿಗೆಗೆ ಕರಗುವುದು ಸುಮಾರು 200 ಕ್ಯಾಲರಿ. ಒಂದು ಪ್ಲೇಟ್ ಗೋಳಿಬಜೆ, ಒಂದು ಕಾಫಿ, ಎಲ್ಲ ವಾಪಸ್. ಮೂರು ತಿಂಗಳ ಸರಾಸರಿ ಶುಗರ್ (HbA1c) 7.4 ಇದ್ದದ್ದು ಈಗ 6.3ರ ಹತ್ತಿರ. ಮಾತ್ರೆ ನಿಲ್ಲಿಸಿಲ್ಲ, ಡಾಕ್ಟರು ಒಂದು ಕಡಿಮೆ ಮಾಡಿದ್ದಾರೆ.

ನಕ್ಕವರಲ್ಲಿ ಇಬ್ಬರು ಈಗ ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ. ಆಗುವುದಿಲ್ಲ. ಐದಕ್ಕಿಂತ ಜಾಸ್ತಿ ಮನೆಯಾದರೆ ಕೊನೆಯ ಬಾಗಿಲಿಗೆ ಮುಟ್ಟುವಾಗ ಆರೂವರೆ ಆಗುತ್ತದೆ, ನನಗೆ ಏಳಕ್ಕೆ ಹಾಲಿನ ವ್ಯಾನ್ ಬರುತ್ತದೆ. ಅವರು ಬೇರೆ ಐವರನ್ನು ಕಟ್ಟಿಕೊಳ್ಳಲಿ, ಕಾರ್ಡು ನಾನೇ ಪ್ರಿಂಟ್ ಮಾಡಿಸಿ ಕೊಡುತ್ತೇನೆ. ನೂರು ಕಾರ್ಡಿಗೆ 300 ಚಿಲ್ಲರೆ ಬೀಳುತ್ತದೆ. ಶುರು ಮಾಡುವುದಾದರೆ ದೀಪಾವಳಿ ಕಳೆದ ಮೇಲೆ ಮಾಡಿ, ಜೂನಿನಲ್ಲಿ ಬೇಡ.