ಇಂಟು ಮಾರ್ಕ್ ಒತ್ತಿದರೆ ಮೇಲ್ ಮುಚ್ಚಿತೇ?

ಹಲವರು ಬಳಸುವ ಕಂಪ್ಯೂಟರಿನಲ್ಲಿ ಮೇಲ್ ನೋಡಿ, ಮೂಲೆಯ ಇಂಟು ಮಾರ್ಕ್ ಒತ್ತಿ ಎದ್ದು ಹೋಗುವವರೇ ಹೆಚ್ಚು. ಅದರಿಂದ ಮುಚ್ಚುವುದು ಕಿಟಕಿ ಮಾತ್ರ, ಖಾತೆಯಲ್ಲ. ನೀವು ಒಳಗಿದ್ದೀರಿ ಎಂಬ ಗುರುತನ್ನು ಬ್ರೌಸರ್ ‘ಕುಕಿ’ ಎಂಬ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. ನಂತರ ಕುಳಿತವರು ಅದೇ ವಿಳಾಸ ಟೈಪ್ ಮಾಡಿದರೆ ಪಾಸ್‌ವರ್ಡ್ ಕೇಳದೆಯೇ ನಿಮ್ಮ ಇನ್‌ಬಾಕ್ಸ್ ತೆರೆದುಕೊಳ್ಳಬಹುದು.

ಅಂದಹಾಗೆ, ಇಮೇಲ್ ಹುಟ್ಟಿದ್ದೇ ಹಂಚಿಕೊಂಡ ಕಂಪ್ಯೂಟರಿನಲ್ಲಿ. 1965ರಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದೇ ಯಂತ್ರವನ್ನು ಬಳಸುತ್ತಿದ್ದವರು ಒಬ್ಬರಿಗೊಬ್ಬರು ಸಂದೇಶ ಬಿಟ್ಟುಹೋಗಲೆಂದು ‘ಮೇಲ್’ ಎಂಬ ಕಮಾಂಡ್ ಬಂತು. ಸಂದೇಶ ಅದೇ ಯಂತ್ರದಲ್ಲಿ ಒಂದು ಫೈಲ್ ಆಗಿ ಕೂರುತ್ತಿತ್ತು. ಮೇಲ್ ಎಂದರೆ ಕೊನೆಗೂ ಎಲ್ಲೋ ಕುಳಿತಿರುವ ಫೈಲ್ ಎಂಬುದು ಇವತ್ತಿಗೂ ಬದಲಾಗಿಲ್ಲ.

ಹಂತ 1: ಮೇಲ್ ನೋಡಿದ್ದು ಯಾವುದರಲ್ಲಿ?

ಬ್ರೌಸರಿನಲ್ಲೋ, ಔಟ್‌ಲುಕ್, ಥಂಡರ್‌ಬರ್ಡ್‌ನಂತಹ ಮೇಲ್ ಆ್ಯಪ್‌ನಲ್ಲೋ? ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಬ್ರೌಸರಿನಲ್ಲಾದರೆ ಮೇಲ್‌ಗಳು ಬಹುಪಾಲು ಮೇಲ್ ಸೇವೆ ಕೊಡುವ ಕಂಪನಿಯ ಸರ್ವರ್‌ನಲ್ಲೇ (ದೂರದ ಕಂಪ್ಯೂಟರಿನಲ್ಲೇ) ಇರುತ್ತವೆ. ಇಲ್ಲಿ ಉಳಿಯುವುದು ಕುಕಿ, ಸೇವ್ ಆದ ಪಾಸ್‌ವರ್ಡ್ ಮತ್ತು ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದ ಅಟ್ಯಾಚ್‌ಮೆಂಟ್‌ಗಳು. ಜಿಮೇಲ್‌ನಲ್ಲಿ ಆಫ್‌ಲೈನ್ ಸೌಲಭ್ಯ ಆನ್ ಆಗಿದ್ದರೆ ಕೊನೆಯ 7, 30 ಅಥವಾ 90 ದಿನಗಳ ಮೇಲ್ ಕೂಡ ಅದೇ ಕಂಪ್ಯೂಟರಿಗೆ ಇಳಿದಿರುತ್ತದೆ.

ಮೇಲ್ ಆ್ಯಪ್‌ನ ಕಥೆಯೇ ಬೇರೆ. ಅದು ಮೇಲ್‌ಗಳನ್ನು ಡಿಸ್ಕ್‌ಗೆ ಇಳಿಸಿಕೊಂಡೇ ತೋರಿಸುವುದು. ಹಳೆಯ (ಕ್ಲಾಸಿಕ್) ಔಟ್‌ಲುಕ್ ಅದನ್ನು ಪಿಎಸ್‌ಟಿ ಅಥವಾ ಒಎಸ್‌ಟಿ ಎಂಬ ಒಂದೇ ದೊಡ್ಡ ಫೈಲಿನಲ್ಲಿ ತುಂಬುತ್ತದೆ. ಪಿಎಸ್‌ಟಿಗೆ ಪಾಸ್‌ವರ್ಡ್ ಹಾಕಿದ್ದೇನೆ ಎಂದು ನೆಮ್ಮದಿಯಾಗಿರಬೇಡಿ, ಅದನ್ನು ಕಿತ್ತುಹಾಕುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಥಂಡರ್‌ಬರ್ಡ್ ಇನ್ನೂ ಸಲೀಸು. ಅದರ ಪ್ರೊಫೈಲ್ ಫೋಲ್ಡರಿನಲ್ಲಿ ‘ಇನ್‌ಬಾಕ್ಸ್’ ಎಂಬ ಹೆಸರಿನ, ಕೊನೆಗೆ .txt ನಂತಹ ಬಾಲವಿಲ್ಲದ ಒಂದು ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ: ಯಾರಿಂದ, ಯಾವಾಗ, ಯಾವ ವಿಷಯ ಎಂಬ ಸಾಲುಗಳೆಲ್ಲ ಒಂದರ ಕೆಳಗೊಂದು ಕಾಣುತ್ತವೆ. ಸರಳ ಇಂಗ್ಲಿಷ್ ಪತ್ರಗಳಾದರೆ ಒಳಗಿನ ಮಾತೂ ಹಾಗೇ ಓದಲು ಸಿಗುತ್ತದೆ. ನೀವು ಅಳಿಸಿದ ಮೇಲ್ ಕೂಡ ಆ ಫೈಲನ್ನು ‘ಕಾಂಪ್ಯಾಕ್ಟ್’ ಮಾಡುವವರೆಗೆ, ಅಂದರೆ ಅಳಿಸಿದ್ದನ್ನು ಫೈಲಿನಿಂದಲೇ ತೆಗೆದು ಕಿರಿದು ಮಾಡುವವರೆಗೆ, ಅಲ್ಲೇ ಬಿದ್ದಿರುತ್ತದೆ.

ಹಂತ 2: ಯಾರ ಕೈಗೆ ಸಿಗುತ್ತದೆ?

ಎಲ್ಲರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೆಲಸ ಮಾಡುತ್ತಿದ್ದರೆ ಎಲ್ಲರಿಗೂ ಸಿಗುತ್ತದೆ, ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಇದ್ದರೆ ಇನ್ನೊಬ್ಬ ಸಾಮಾನ್ಯ ಬಳಕೆದಾರ ನಿಮ್ಮ ಫೋಲ್ಡರ್ ತೆರೆಯಲಾರ. ಕಂಪ್ಯೂಟರಿನ ಮೇಲೆ ಪೂರ್ಣ ಹಕ್ಕಿರುವ ಅಡ್ಮಿನ್ ಖಾತೆ ಇದ್ದವರಿಗೆ ಈ ತಡೆ ಲೆಕ್ಕಕ್ಕಿಲ್ಲ: ‘ಅನುಮತಿ ಇಲ್ಲ’ ಎಂಬ ಪೆಟ್ಟಿಗೆ ಬರುತ್ತದೆ, ಅದರಲ್ಲೇ ‘ಕಂಟಿನ್ಯೂ’ ಎಂಬ ಬಟನ್ ಇರುತ್ತದೆ, ಒತ್ತಿದರೆ ದಾರಿ ಸಲೀಸು. ಮನೆಯವರಿಗೆಲ್ಲ ಅಡ್ಮಿನ್ ಹಕ್ಕು ಕೊಟ್ಟು ಬೇರೆ ಬೇರೆ ಖಾತೆ ಮಾಡಿದ್ದೇವೆ ಎನ್ನುವುದರಲ್ಲಿ ಹುರುಳಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರಂತೂ ಖಾತೆಯ ಪಾಸ್‌ವರ್ಡ್‌ಗೆ ಬೆಲೆಯೇ ಇಲ್ಲ. ಅದನ್ನು ತಡೆಯುವುದು ವಿಂಡೋಸ್‌ನ ಬಿಟ್‌ಲಾಕರ್‌ನಂತಹ ಎನ್‌ಕ್ರಿಪ್ಷನ್ (ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಗುಪ್ತಲಿಪಿಗೆ ತಿರುಗಿಸುವುದು) ಮಾತ್ರ.

ಕಚೇರಿಯ ಮೇಲ್ ಆಗಿದ್ದರೆ ಇನ್ನೊಬ್ಬರೂ ಇದ್ದಾರೆ, ಸರ್ವರ್ ನೋಡಿಕೊಳ್ಳುವ ಅಡ್ಮಿನ್. ಸಂಸ್ಥೆ ಹಾಗೆ ಹೊಂದಿಸಿಟ್ಟಿದ್ದರೆ ನೀವು ಅಳಿಸಿದ್ದನ್ನೂ ಹುಡುಕಿ ತೆಗೆಯಬಲ್ಲರು. ನಿಮ್ಮ ಕಡೆಯಿಂದ ಅದಕ್ಕೆ ಮದ್ದಿಲ್ಲ. ಸ್ವಂತ ವ್ಯವಹಾರದ ಪತ್ರವನ್ನು ಆ ವಿಳಾಸದಿಂದ ಕಳಿಸದಿರುವುದೇ ಲೇಸು.

ಹಂತ 3: ಹೊರಡುವ ಮುನ್ನ

ಖಾತೆಯ ಚಿತ್ರದ ಮೇಲೆ ಒತ್ತಿ ಸೈನ್ ಔಟ್ ಮಾಡಿ. ಆಫ್‌ಲೈನ್ ಆನ್ ಇದ್ದಲ್ಲಿ, ಸೈನ್ ಔಟ್‌ಗೆ ಮೊದಲೇ ಜಿಮೇಲ್ ಸೆಟ್ಟಿಂಗ್ಸ್‌ನ ಆಫ್‌ಲೈನ್ ವಿಭಾಗದಲ್ಲಿ ‘ಈ ಕಂಪ್ಯೂಟರಿನಿಂದ ಡೇಟಾ ತೆಗೆ’ ಎಂಬ ಆಯ್ಕೆಯನ್ನು ಆರಿಸಿಕೊಳ್ಳಿ. ಡೌನ್‌ಲೋಡ್ಸ್‌ನಿಂದ ನಿಮ್ಮ ಫೈಲ್‌ಗಳನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಬ್ರೌಸರಿನ ಪಾಸ್‌ವರ್ಡ್ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಕುಕಿ, ಇತಿಹಾಸ ಉಳಿಸಿಕೊಳ್ಳದ ಇನ್‌ಕಾಗ್ನಿಟೋ ಕಿಟಕಿ ಬಳಸಿದರೆ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ. ಆದರೆ ಅದರಲ್ಲೂ ಡೌನ್‌ಲೋಡ್ ಆದದ್ದು ಉಳಿಯುತ್ತದೆ, ಕಿಟಕಿಗಳನ್ನೆಲ್ಲ ಮುಚ್ಚುವವರೆಗೆ ಲಾಗಿನ್ ಕೂಡ ಜೀವಂತ.

ಮೇಲ್ ಆ್ಯಪ್‌ನಿಂದ ಖಾತೆ ತೆಗೆಯುವುದಾದರೆ ಅವಸರ ಬೇಡ. ಹಳೆಯ ‘ಪಾಪ್’ ವಿಧಾನದಲ್ಲಿ ಮೇಲ್ ಇಳಿಸಿಕೊಂಡ ಮೇಲೆ ಸರ್ವರ್‌ನ ಪ್ರತಿ ಅಳಿಸಿಹೋಗಿರಬಹುದು. ಆಗ ಈ ಡಿಸ್ಕ್‌ನಲ್ಲಿರುವುದೇ ಉಳಿದಿರುವ ಏಕೈಕ ಪ್ರತಿ. ಮೊದಲು ಫೋನಿನಲ್ಲೋ ಬ್ರೌಸರಿನಲ್ಲೋ ಹಳೆಯ ಮೇಲ್‌ಗಳು ಕಾಣುತ್ತವೆಯೇ ಎಂದು ಖಚಿತ ಮಾಡಿಕೊಳ್ಳಿ. ಕಂಡರೆ ಖಾತೆ ತೆಗೆದು, ಡೇಟಾ ಫೈಲನ್ನೂ ಅಳಿಸಿ. ಖಾತೆ ತೆಗೆದ ಮಾತ್ರಕ್ಕೆ ಫೈಲ್ ಹೋಗುತ್ತದೆ ಎಂದುಕೊಳ್ಳಬೇಡಿ.

ಹಂತ 4: ಮರೆತು ಎದ್ದುಬಂದಿದ್ದರೆ

ಫೋನಿನಿಂದ ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ, ‘ಯುವರ್ ಡಿವೈಸಸ್’ ಪಟ್ಟಿಯಿಂದ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಇದು ಸರ್ವರ್‌ನಲ್ಲಿರುವ ಮೇಲ್‌ಗಷ್ಟೇ ಬೀಗ. ಆಗಲೇ ಡಿಸ್ಕ್‌ಗೆ ಇಳಿದಿರುವ ಫೈಲನ್ನು ನೀವು ದೂರದಿಂದ ಮುಟ್ಟಲಾರಿರಿ, ಅಲ್ಲಿಗೇ ಹೋಗಬೇಕು.

ಯಾರಾದರೂ ಒಳಹೊಕ್ಕಿರಬಹುದೆಂಬ ಅನುಮಾನವಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ತಪ್ಪದೆ ನೋಡಿ. ನಿಮ್ಮ ಮೇಲ್‌ನ ಪ್ರತಿ ಬೇರೆ ವಿಳಾಸಕ್ಕೆ ಹೋಗುವಂತೆ ಒಮ್ಮೆ ಹೊಂದಿಸಿಬಿಟ್ಟರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಹೋಗುತ್ತಲೇ ಇರುತ್ತದೆ.

ಕಂಪ್ಯೂಟರನ್ನೇ ಮಾರುತ್ತಿದ್ದರೆ ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ಮುಂದಿನ ಸೆಟ್ಟಿಂಗ್‌ನಲ್ಲಿ ‘ಕ್ಲೀನ್ ಡೇಟಾ’ವನ್ನೂ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯಬಹುದು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಶುರುಮಾಡಿ.