ಉಗುರು ಒತ್ತಿದರೆ ಗುರುತು ಬೀಳುವ ವಾರ್ನಿಷ್‌ಗೆ ಏನು ಮಾಡಬೇಕು

ಹೊಸ ಬಾಗಿಲಿಗೆ ವಾರ್ನಿಷ್ ಹೊಡೆಸಿ ವಾರ ಕಳೆದರೂ ಉಗುರು ಊರಿದರೆ ಗುರುತು ಬೀಳ್ತಿದೆಯಾ? ಗಟ್ಟಿ ಆಗಲಿ ಅಂತ ಇನ್ನೊಂದು ಕೋಟ್ ಹೊಡೆಸಬೇಡಿ. ಎಣ್ಣೆ ವಾರ್ನಿಷ್ ಗಟ್ಟಿಯಾಗುವುದು ಗಾಳಿಯಲ್ಲಿರುವ ಆಮ್ಲಜನಕದಿಂದ. ಮೇಲೆ ಮೇಲೆ ಬಳಿದರೆ ಒಳಗಿನ ಪದರಕ್ಕೆ ಗಾಳಿಯೇ ಸಿಗುವುದಿಲ್ಲ.

ಮೊದಲು ಎಷ್ಟು ಗಟ್ಟಿ ಇದೆ ನೋಡಿ. 2ಬಿ, ಎಚ್‌ಬಿ, ಎಚ್, 2ಎಚ್ ಪೆನ್ಸಿಲ್ ತನ್ನಿ. ಸುತ್ತಲಿನ ಕಟ್ಟಿಗೆಯನ್ನಷ್ಟೇ ಕೆತ್ತಿ, ಸೀಸದ ಕಡ್ಡಿ ಐದಾರು ಮಿಲಿಮೀಟರ್ ಹೊರಗೆ ಬರುವ ಹಾಗೆ ಮಾಡಿ, ತುದಿಯನ್ನು ಪಾಲಿಶ್ ಪೇಪರಿಗೆ ನೆಟ್ಟಗೆ ಉಜ್ಜಿ ಸಪಾಟು ಮಾಡಿಕೊಳ್ಳಿ. ಬಾಗಿಲಿನ ಕಾಣದ ಮೂಲೆಯಲ್ಲಿ 45 ಡಿಗ್ರಿ ಓರೆ ಹಿಡಿದು ಒತ್ತಿ ಮುಂದಕ್ಕೆ ದೂಡಿ. ಎಲ್ಲಕ್ಕಿಂತ ಗಟ್ಟಿಯಾದ 2ಎಚ್‌ನಿಂದ ಶುರು ಮಾಡಿ ಎಚ್, ಎಚ್‌ಬಿ, 2ಬಿ ಅಂತ ಮೆತ್ತನೆಯದಕ್ಕೆ ಬನ್ನಿ. ಗೀರು ಬೀಳದ ಮೊದಲ ಪೆನ್ಸಿಲ್ ಯಾವುದೋ, ನಿಮ್ಮ ವಾರ್ನಿಷ್ ಗಟ್ಟಿತನ ಅದೇ. ಕರಿ ಗೆರೆ ಒರೆಸಿದರೆ ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಬಣ್ಣದ ಉದ್ಯಮದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ, ಸುಮ್ನೆ ಮನೆಮದ್ದು ಅಂದ್ಕೋಬೇಡಿ.

ಇನ್ನು ಕಾರಣ. ಬಹಳ ಸಲ ತಪ್ಪು ವಾರ್ನಿಷ್‌ದಲ್ಲ, ಅದಕ್ಕೂ ಮೊದಲು ಕಟ್ಟಿಗೆಗೆ ಏನು ಕುಡಿಸಿದ್ದಾರೆ ಅನ್ನೋದರದ್ದು. ಗೆದ್ದಲು ಔಷಧಿಯನ್ನು ಚಿಮಣಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರೆ ಆ ಎಣ್ಣೆ ಪೂರ್ತಿ ಹಾರಿಹೋಗುವ ತನಕ ಮೇಲಿನ ಪದರ ಅಂಟಂಟು. ಕಲೆ ತೆಗೆಯಲು ಬ್ಲೀಚ್ ಹಾಕಿ ಸರಿಯಾಗಿ ತೊಳೆದು ಒಣಗಿಸದಿದ್ದರೂ ಇದೇ ಪಾಡು. ಸಾಗವಾನಿಯಲ್ಲಂತೂ ಸ್ವಂತ ಎಣ್ಣೆಯೇ ಇರುತ್ತದೆ, ಅದು ವಾರ್ನಿಷ್ ಒಣಗಲು ಬಿಡುವುದಿಲ್ಲ, ಹಾಗಾಗಿ ಹೊಡೆಯುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ ಅಂತ ಬಡಿಗೇರರಿಗೆ ಹೇಳಿ, ಅವರು ಗೊಣಗಿದರೂ ಪರವಾಗಿಲ್ಲ.

ಎರಡು ಡಬ್ಬಿಯಲ್ಲಿ ಬರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಬೇರೆ ಜಾತಿ. ಅದು ಎರಡನೇ ಡಬ್ಬಿಯ ಹಾರ್ಡನರ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಹಾರ್ಡನರ್ ಕಡಿಮೆಯಾದರೆ ಮೆತ್ತಗೆ, ಜಾಸ್ತಿಯಾದರೆ ಗಡಸಾಗಿ ಬಿರುಕು. ಕಣ್ಣಳತೆ ಬೇಡ, ಡಬ್ಬಿ ಮೇಲಿನ ಅಳತೆಗೆ ಅಳೆಯುವ ಲೋಟ ಇಟ್ಟುಕೊಳ್ಳಿ. ಸ್ಪ್ರೇ ಹೊಡೆಯುವವರು ಸರಿಯಾದ ಮಾಸ್ಕ್ ಹಾಕಲೇಬೇಕು, ಹಾರ್ಡನರ್‌ನಲ್ಲಿರುವ ಐಸೋಸೈನೇಟ್ ಅನ್ನೋ ರಾಸಾಯನಿಕ ಉಸಿರಿಗೆ ಕೆಟ್ಟದ್ದು.

ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದಾಗ ಪಿಯು ಹೊಡೆಸಿದರೆ ಗಾಳಿಯ ತೇವ ಹಾರ್ಡನರ್‌ಗೆ ಸೇರಿ ಗುಳ್ಳೆ ಏಳುತ್ತವೆ, ಲ್ಯಾಕರ್ (ಥಿನ್ನರ್ ಹಾರಿ ಒಣಗುವ ಪಾಲಿಶ್) ಆದರೆ ಬಿಳಿಚುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಉಲ್ಟಾ: ಥಿನ್ನರ್ ಬೇಗ ಹಾರಿ ಮೈ ತರಿತರಿ. ಅಲ್ಲಿ ನಿಧಾನವಾಗಿ ಆರುವ ಥಿನ್ನರ್ ಕೇಳಿ, ಬೆಳಗಿನ ತಂಪಲ್ಲಿ ಕೆಲಸ ಮುಗಿಸಿ.

ಈಗಾಗಲೇ ಮೆತ್ತಗಿದ್ದರೆ? ಎಣ್ಣೆ ವಾರ್ನಿಷ್ ಆಗಿದ್ದರೆ ಫ್ಯಾನ್ ಹಾಕಿ ಕಿಟಕಿ ತೆರೆದು ಎರಡು ಮೂರು ವಾರ ಬಿಡಿ, ಮತ್ತೆ ಪೆನ್ಸಿಲ್ ಹಿಡಿಯಿರಿ. ಮೊದಲಿಗಿಂತ ಗಟ್ಟಿಯಾಗಿದ್ದರೆ ಸುಮ್ಮನಿರಿ. ಇಲ್ಲದಿದ್ದರೆ ಕೆರೆದು ತೆಗೆದು, ಥಿನ್ನರ್‌ನಲ್ಲಿ ಒರೆಸಿ, 320 ನಂಬರ್ ಪೇಪರ್ ಹೊಡೆದು ತೆಳುವಾಗಿ ಹೊಸದಾಗಿ ಬಳಿಸಿ. ಹಾರ್ಡನರ್ ಕಡಿಮೆಬಿದ್ದ ಪಿಯು ಕಾದರೆ ಸರಿಹೋಗಲ್ಲ, ಅದನ್ನು ಕೆರೆಯಲೇಬೇಕು.

ಗಟ್ಟಿ ಇದ್ದದ್ದು ಆಮೇಲೆ ಮೆತ್ತಗಾಯಿತಾ? ಹಾಗಾದರೆ ಒರೆಸುವ ಬಟ್ಟೆ ನೋಡಿ. ಅರಗಿನ ಪಾಲಿಶ್ ಸ್ಪಿರಿಟ್‌ನಲ್ಲಿ ಕರಗುತ್ತದೆ, ಸ್ಯಾನಿಟೈಸರ್ ಬಿದ್ದರೂ ಸಾಕು. ವಾಷಿಂಗ್ ಸೋಡಾ ನೀರು ಎಣ್ಣೆ ವಾರ್ನಿಷ್ ಅನ್ನೂ ಬಿಡುವುದಿಲ್ಲ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆ ಹಾಯಿಸಿ.