ಸವಕಲೋ, ಅಚ್ಚೇ ಬೀಳದ್ದೋ: ಹಂದಿ ರೂಪಾಯಿಯಿಂದ ಆನೆ ಕಾಸಿನವರೆಗೆ ನನ್ನ ಅನುಭವ

ನಾಣ್ಯದ ಸ್ಥಿತಿಗೆ ದರ್ಜೆ ಕೊಡಿಸಲೆಂದು ಹೋದ ವರ್ಷ ಗ್ರೇಡಿಂಗ್‌ಗೆ ಕಳಿಸಿದ್ದ 1911ರ ಹಂದಿ ರೂಪಾಯಿ (ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ) ಎಯು 55, ಅಂದರೆ ‘ಬಹುತೇಕ ಬಳಕೆಯಾಗದ್ದು’, ಆಗಿ ವಾಪಸ್ ಬಂತು. ಅವೆನ್ಯೂ ರಸ್ತೆಯಲ್ಲಿ ಅದನ್ನೇ ಕೈಯಲ್ಲಿ ಹಿಡಿದು ನೋಡಿದ ಮೂರ್ನಾಲ್ಕು ಜನ ‘ವಿಎಫ್ ದಾಟಲ್ಲ’ (ಅದು ಎಯುಗಿಂತ ಕೆಳಗಿನ, ಸವೆತ ಕಾಣುವ ದರ್ಜೆ) ಎಂದಿದ್ದರು. ‘ಆನೆ ಪೂರ್ತಿ ಮಲಗಿಬಿಟ್ಟಿದೆ ಸಾರ್, ಅದಕ್ಕೆ ಗ್ರೇಡಿಂಗ್ ದುಡ್ಡು ಯಾಕೆ ಸುರೀತೀರಾ’ ಅಂದ ವ್ಯಾಪಾರಿಗೆ ಸ್ಲ್ಯಾಬ್ (ದರ್ಜೆ ಬರೆದು ನಾಣ್ಯವನ್ನು ಮುಚ್ಚಿ ಕೊಡುವ ಪ್ಲಾಸ್ಟಿಕ್ ಡಬ್ಬಿ) ತೋರಿಸಿಯೇ ಬಂದೆ. ನನಗದು ಸಿಕ್ಕಿದ್ದು ನಾಲ್ಕು ಸಾವಿರದ ಚಿಲ್ಲರೆಗೆ. ಸವಕಲು ಎಂದು ಬೆಲೆ ಇಳಿಸಿ ಕೊಟ್ಟಿದ್ದರು.

ಐದನೇ ಜಾರ್ಜ್ ರೂಪಾಯಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ರಾಜನ ನಿಲುವಂಗಿಯ ಮೇಲಿನ ಆನೆಗೆ. 1911ರಲ್ಲಿ ಆ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ, 1912ರಿಂದ ಅಚ್ಚು ತಿದ್ದಿದರು. ಅಷ್ಟು ಚಿಕ್ಕ ಗುರುತನ್ನೇ ಅಳತೆಗೋಲು ಮಾಡಿಕೊಂಡರೆ ಒಂದು ತೊಂದರೆಯಿದೆ. ಆನೆ ಕಾಣದಿರಲು ಎರಡು ಕಾರಣ ಇರಬಹುದು: ಕೈಯಿಂದ ಕೈಗೆ ಓಡಾಡಿ ಸವೆದಿರಬಹುದು, ಇಲ್ಲವೇ ಟಂಕಸಾಲೆಯಲ್ಲೇ ಬೆಳ್ಳಿ ಅಚ್ಚಿನ ಆಳಕ್ಕೆ ತುಂಬದೆ ಉಳಿದಿರಬಹುದು. ಎರಡಕ್ಕೂ ಒಂದೇ ಬೆಲೆ ಕಟ್ಟುವವರು ಇವತ್ತಿಗೂ ಇದ್ದಾರೆ.

ನಾನು ಮೊದಲು ನಂಬುವುದು ತಕ್ಕಡಿಯನ್ನು. ಈ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ನನ್ನದು 11.65 ತೂಗಿತು. ಆನೆ ನಿಜಕ್ಕೂ ಸವೆದು ಹೋಗಿದ್ದರೆ ಬೆಳ್ಳಿಯೂ ಹೋಗಿರಬೇಕಲ್ಲ? ನನ್ನ ಬಳಿ ಇರುವ, ಚೆನ್ನಾಗಿ ಬಳಕೆಯಾದ ಅದೇ ಕಾಲದ ರೂಪಾಯಿಗಳು ಹೆಚ್ಚು ಕಡಿಮೆ 11.4ರಿಂದ 11.55ರ ನಡುವೆ ತೂಗುತ್ತವೆ. ಒಂಬೈನೂರು ರೂಪಾಯಿಯ ಪಾಕೆಟ್ ತಕ್ಕಡಿ ಸಾಕು, ಆದರೆ ಜೊತೆಗೆ ಒಂದು ಒಳ್ಳೆಯ ತೂಕದ ಬಟ್ಟು ಇರಲಿ. ಚಳಿಗಾಲದ ಬೆಳಗ್ಗೆ ನನ್ನ ತಕ್ಕಡಿ ಕೊನೆಯ ಅಂಕೆಯಲ್ಲಿ ಎರಡು ಮೂರು ಪಾಯಿಂಟ್ ಆಚೀಚೆ ಹೋಗುತ್ತದೆ.

ಎರಡನೆಯದು ಹಿಂಬದಿ. ಮುಂದೆ ಚಪ್ಪಟೆಯಾದ ಜಾಗದ ನೇರ ಹಿಂದೆ ಏನಿದೆ ನೋಡಿ. ಒತ್ತಡ ಸಾಲದೆ ಹೋದರೆ ಬೆಳ್ಳಿ ಎರಡೂ ಕಡೆ ಅಚ್ಚಿಗೆ ತುಂಬುವುದಿಲ್ಲ, ಎರಡೂ ಕಡೆ ಒಂದೇ ಜಾಗದಲ್ಲಿ ಮಂಕಾಗಿರುತ್ತದೆ. ಸವೆತಕ್ಕೆ ಆ ಲೆಕ್ಕವಿಲ್ಲ. ಅದು ಎತ್ತರವಿದ್ದದ್ದನ್ನೆಲ್ಲ ತಿನ್ನುತ್ತದೆ: ಕಿರೀಟ, ಕಿವಿ, ಮೀಸೆ. ನನ್ನ ನಾಣ್ಯದಲ್ಲಿ ಕಿರೀಟದ ಮುತ್ತುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಎದೆಯ ಮೇಲಿನ ಆನೆಯನ್ನು ಅಳಿಸಿದ ಬೆರಳು ಕಿರೀಟವನ್ನು ಬಿಟ್ಟಿತೇ?

ಹಿಂಬದಿ ಮಂಕಾದರೆ ಇನ್ನೊಂದು ಅಪಾಯವಿದೆ. ಬಾಂಬೆ ಟಂಕಸಾಲೆಯ ಚುಕ್ಕಿ ಇರುವುದು ಕೆಳಗಿನ ಕಮಲದ ಅಡಿಯಲ್ಲಿ, ಕಲ್ಕತ್ತೆಯದಕ್ಕೆ ಗುರುತೇ ಇಲ್ಲ. ಅಲ್ಲಿ ಅಚ್ಚು ಬೀಳದಿದ್ದರೆ ಬಾಂಬೆ ನಾಣ್ಯ ಕಲ್ಕತ್ತೆಯದಾಗಿ ಮಾರಾಟವಾಗುತ್ತದೆ. ಕಮಲ ಮಂಕಾಗಿದ್ದರೆ ಟಂಕಸಾಲೆಯ ಹೆಸರಿಗೆಂದು ಹೆಚ್ಚಿನ ದುಡ್ಡು ನಾನು ಕೊಡುವುದಿಲ್ಲ.

ಮೂರನೆಯದು ಮೈ. ಇದನ್ನು ಕಲಿಯಲು ಹೆಚ್ಚು ದುಡ್ಡು ಹೋಯಿತು. ಎರಡು ಸಾವಿರ ಕೊಟ್ಟು ತಂದ ರಿಂಗ್ ಲೈಟ್ ನೆರಳನ್ನೇ ನುಂಗಿಬಿಟ್ಟಿತು, ಅದರಡಿ ಸವಕಲು ನಾಣ್ಯವೂ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಆಮೇಲೆ ಕಂಪ್ಯೂಟರಿಗೆ ಹಾಕುವ ಮೈಕ್ರೋಸ್ಕೋಪ್, ಅದಕ್ಕೆ ಇನ್ನೂ ಒಂದೂವರೆ ಸಾವಿರ. ಅದರಲ್ಲಿ ಪ್ರತಿ ಗೀರೂ ಕಾಲುವೆಯಷ್ಟು ಅಗಲ ಕಂಡು, ಯಾವುದು ಮುಖ್ಯ ಎಂಬುದೇ ತಿಳಿಯುತ್ತಿರಲಿಲ್ಲ. ಕೊನೆಗೆ ಉಳಿದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪು (ಪುಟ್ಟ ಭೂತಗನ್ನಡಿ), ಪಕ್ಕದಿಂದ ಬೀಳುವ ಒಂದೇ ಒಂದು ಬೆಳಕು. ಬಲ್ಬು ಯಾವುದು, ಎಷ್ಟು ಎತ್ತರದಲ್ಲಿಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ, ಅದನ್ನು ಹುಡುಕಲು ತುಂಬಾ ಸಂಜೆಗಳು ಹೋಗಿವೆ. ನಾಣ್ಯವನ್ನು ನಿಧಾನ ತಿರುಗಿಸಿ. ಟಂಕಸಾಲೆಯ ಮಿಂಚು (ಹೊಸ ನಾಣ್ಯದ ಮೂಲ ಹೊಳಪು) ಚಪ್ಪಟೆ ಜಾಗದ ಮೇಲೂ ತಡೆಯಿಲ್ಲದೆ ಹರಿದು ಹೋದರೆ ಅದು ಅಚ್ಚು ಬೀಳದ ಜಾಗ. ಅಚ್ಚು ಹೊಡೆಯುವ ಮೊದಲೇ ಬೆಳ್ಳಿ ಬಿಲ್ಲೆಯ ಮೇಲಿದ್ದ ಹಳೇ ತರಚು, ಸಣ್ಣ ಗುಳಿ ಅಲ್ಲೇ ಉಳಿದಿರುತ್ತವೆ. ಮಿಂಚು ಅಲ್ಲಿಗೆ ಬಂದು ತುಂಡಾಗಿ ಬೂದು ಬಣ್ಣ ಕಂಡರೆ ಅದು ಸವೆತ, ಚೌಕಾಸಿಗೆ ಇಳಿಯಿರಿ.

ಇದರ ನಡುವೆ ಒಂದು ಪ್ರಯೋಗ ಮಾಡಿದೆ. 1947ರ ನಿಕ್ಕಲ್ ಕಾಲು ರೂಪಾಯಿ, ಹುಲಿ ಇರುವುದು, ಎರಡು ತೆಗೆದುಕೊಂಡೆ. ಒಂದನ್ನು ಪೆಟ್ಟಿಗೆಯಲ್ಲಿಟ್ಟೆ, ಇನ್ನೊಂದನ್ನು ಬೀಗದ ಕೈ ಜೊತೆ ಜೇಬಿನಲ್ಲಿ ಸುಮಾರು ಅರ್ಧ ವರ್ಷ ಓಡಾಡಿಸಿದೆ. ನಿಕ್ಕಲ್ ಬೆಳ್ಳಿಗಿಂತ ಗಟ್ಟಿ, ಸವೆತ ಅಷ್ಟಾಗಿ ಆಗಲಿಲ್ಲ. ಆದರೆ ಮೊದಲು ಬಣ್ಣ ಬದಲಾದದ್ದು ಎಲ್ಲಿ ಎಂಬುದು ಚೆನ್ನಾಗಿ ಕಂಡಿತು: ಕೆನ್ನೆ, ಅಂಚಿನ ದಿಂಡು. ಪೆಟ್ಟಿಗೆಯಲ್ಲಿದ್ದ ಹುಲಿಯ ಪಟ್ಟೆ ಮೊದಲಿನಿಂದಲೂ ಮಸುಕೇ. ಗಟ್ಟಿ ಲೋಹ ಅಚ್ಚಿಗೆ ಸುಲಭವಾಗಿ ತುಂಬುವುದಿಲ್ಲ.

ಪೆಟ್ಟು, ಗಾಯದ ವಿಷಯ ಬೇಗ ಮುಗಿಸುತ್ತೇನೆ. ಉಬ್ಬಿದ ಗೆರೆ ಅಚ್ಚಿನ ಬಿರುಕು, ಅದಕ್ಕೆ ಅಂಕ ಕಳೆಯಬೇಡಿ. ತಗ್ಗಿದ ಗೆರೆ, ಪಕ್ಕದಲ್ಲಿ ಲೋಹ ಎದ್ದು ನಿಂತಿದ್ದರೆ, ಆಮೇಲೆ ಆದ ಗಾಯ. ಬೆಳ್ಳಿ ಪರೀಕ್ಷಿಸಿದ ಚಿನಿವಾರರು ಒತ್ತುತ್ತಿದ್ದ ಚಿಕ್ಕ ಮುದ್ರೆಯೂ ಗ್ರೇಡಿಂಗ್ ಲೆಕ್ಕದಲ್ಲಿ ಗಾಯವೇ, ನನಗೆ ಮಾತ್ರ ಅದರ ಮೇಲೆ ಪ್ರೀತಿ. ಹುಣಸೆಹಣ್ಣು ಹಾಕಿ ತಿಕ್ಕಿದ ನಾಣ್ಯ ಎಷ್ಟು ಚಂದ ಕಂಡರೂ ಬಿಟ್ಟುಬಿಡಿ. ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿ ತೆಗೆದು ಉಜ್ಜಿದ ರೂಪಾಯಿಯನ್ನು ಮುಟ್ಟದೆಯೇ ಗುರುತಿಸುವ ಒಂದು ಉಪಾಯ ನನಗೆ ಗೊತ್ತು. ಅದನ್ನು ಬರೆದರೆ ನಾಳೆ ಉಜ್ಜುವವರೇ ಕಲಿತುಬಿಡುತ್ತಾರೆ.

ಟಿಪ್ಪುವಿನ ಆನೆ ಕಾಸಿಗೆ (ಆನೆಯಿರುವ ತಾಮ್ರದ ನಾಣ್ಯಕ್ಕೆ) ಬಂದರೆ ತಕ್ಕಡಿ ಕೈ ಕೊಡುತ್ತದೆ. ಪೈಸೆ ಸುಮಾರು ಹನ್ನೊಂದು ಗ್ರಾಂ ಅನ್ನುತ್ತೇವೆ, ಆದರೆ ಹೊಸದಿದ್ದಾಗಲೇ ಹೆಚ್ಚು ಕಡಿಮೆ ಇರುತ್ತಿದ್ದವು. ಅಲ್ಲಿ ಪೂರ್ತಿ ಹಿಂಬದಿಯೇ ಗತಿ. ಇವು ಕೈಯಿಂದ ಹೊಡೆದ ನಾಣ್ಯ, ಸುತ್ತಿಗೆ ಓರೆ ಬಿದ್ದರೆ ಒಂದು ಅಂಚು ಎರಡೂ ಮುಖದಲ್ಲಿ ತೆಳು: ಈ ಕಡೆ ಆನೆಯ ಸೊಂಡಿಲಿಲ್ಲ, ಆ ಕಡೆ ಟಂಕಸಾಲೆಯ ಹೆಸರಿನ ಒಂದು ತುದಿಯಿಲ್ಲ. ಪಟ್ಟಣದ (ಶ್ರೀರಂಗಪಟ್ಟಣ ಟಂಕಸಾಲೆಯ) ಒಂದು ಪೈಸೆಯನ್ನು ಹೀಗೆ ನೋಡಿ ಸಣ್ಣ ದುಡ್ಡಿಗೆ ತಂದೆ. ಸೊಂಡಿಲು ಇಲ್ಲದಿದ್ದರೂ ಉಳಿದ ಮೈಯಲ್ಲಿ ಕಣ್ಣು, ಬಾಲದ ಕುಚ್ಚು ನಿನ್ನೆ ಹೊಡೆದಂತಿವೆ. ಅಂಚಿನ ಸೀಳು ಸುತ್ತಿಗೆಯದೇ, ಅದು ದೋಷವಲ್ಲ. ಅಂಚಿಗೆ ಅರ ಹಾಕಿದ್ದರೆ ಮಾತ್ರ ದೋಷ.

ಎನ್‌ಜಿಸಿಯವರು (ನಾಣ್ಯ ಗ್ರೇಡ್ ಮಾಡುವ ಅಮೆರಿಕದ ಕಂಪನಿ) ಪ್ರಾಚೀನ ನಾಣ್ಯಗಳಿಗೆ ಗ್ರೇಡಿನ ಜೊತೆ ಅಚ್ಚಿಗೆ ಐದಕ್ಕೆ ಇಷ್ಟು, ಮೈಗೆ ಐದಕ್ಕೆ ಇಷ್ಟು ಎಂದು ಬೇರೆ ಬೇರೆ ಅಂಕ ಕೊಡುತ್ತಾರೆ. ನಾನೂ ನನ್ನ ಪುಸ್ತಕದಲ್ಲಿ ಅಚ್ಚು, ಸವೆತ, ಗಾಯ ಎಂದು ಮೂರು ಕಾಲಂ ಹಾಕಿದ್ದೇನೆ, ಐದಕ್ಕೆ ಐದು ಅಂದರೆ ಆ ಲೆಕ್ಕದಲ್ಲಿ ದೋಷವೇ ಇಲ್ಲ. ಆ ಹಂದಿ ರೂಪಾಯಿಗೆ ಅಚ್ಚು ಎರಡು, ಸವೆತ ನಾಲ್ಕೂವರೆ, ಗಾಯ ಐದು ಎಂದು ಬರೆದೇ ಗ್ರೇಡಿಂಗ್‌ಗೆ ಕಳಿಸಿದ್ದು. ಆನೆ ಎದ್ದು ನಿಂತಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು, ಆದರೆ ಆಗ ನಾಲ್ಕು ಸಾವಿರಕ್ಕೆ ನನ್ನ ಕೈಗೆ ಬರುತ್ತಿರಲಿಲ್ಲ.